ತಣ್ಣಗಾದ ಕೋಳಿಗಳ ಜಾಡು

ಜೀವಂತ ಕೋಳಿ ಕೊಳ್ಳುವಾಗ ಎಲ್ಲರೂ ಮೊದಲು ಎದೆ ಮುಟ್ಟಿ ನೋಡುತ್ತಾರೆ. ಮಾಂಸ ಎಷ್ಟಿದೆ ಅಂತ ತಿಳಿಯಬೇಕಲ್ಲ. ನಾನು ಹೇಳುವುದು, ಮೊದಲು ಜುಟ್ಟು ನೋಡಿ, ಆಮೇಲೆ ಕಾಲು ನೋಡಿ, ಎದೆಯ ಸುದ್ದಿಗೆ ಕೊನೆಗೆ ಹೋಗಿ. ಜುಟ್ಟು ಕೆಂಪಗಿದ್ದು ಕಾಲು ಬೆಚ್ಚಗಿದ್ದರೆ ಮಾತ್ರ ರೇಟು ಕೇಳಿ. ಬುಟ್ಟಿ ಹೊತ್ತು ಹೊನ್ನಾವರದ ಹತ್ತಿರದ ಮಂಕಿಯ ಮನೆಮನೆಯಿಂದ ಊರುಕೋಳಿ ತರುತ್ತಿದ್ದ ಕಾಲದಲ್ಲೇ ಇದನ್ನು ನಾನು ಕಲಿತಿದ್ದೆ. ಕೋಳಿಯ ವಿಷಯದಲ್ಲಿ ನನಗೆ ಹೇಳಿಕೊಡುವವರು ಹುಟ್ಟಿಲ್ಲ ಅಂತಲೂ ಅಂದುಕೊಂಡಿದ್ದೆ. ಆ ಲೆಕ್ಕ ತಲೆಕೆಳಗಾದದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ, ಮಹಾರಾಷ್ಟ್ರದ ಫಾರಂಗಳಿಗೆ ಹಕ್ಕಿಜ್ವರ ಬಂತು ಅಂತ ಟಿವಿಯಲ್ಲಿ ತೋರಿಸಲು ಶುರುಮಾಡಿದಾಗ.

ನನ್ನ ಗಾಡಿ ಆಗ ದಿನಾ ಒಂದೇ ದಾರಿಯಲ್ಲಿ ಓಡುತ್ತಿತ್ತು. ಘಟ್ಟದ ಮೇಲಿನ ಫಾರಂನಿಂದ ಫಾರಂಕೋಳಿ ತುಂಬಿಕೊಂಡು ನಸುಕಿಗೆ ಕುಮಟಾ, ಅಲ್ಲಿಂದ ಹೊನ್ನಾವರ, ಕೊನೆಗೆ ಭಟ್ಕಳ. ಟಿವಿಯಲ್ಲಿ ಬಿಳಿ ಅಂಗಿ ತೊಟ್ಟವರು ಕೋಳಿಗಳನ್ನು ಗುಂಡಿಗೆ ಹಾಕುವುದನ್ನು ತೋರಿಸಿದ್ದೇ ತಡ, ಗಿರಾಕಿಗಳು ಅಂಗಡಿ ದಾಟುವಾಗ ಮೂಗು ಮುಚ್ಚಿಕೊಳ್ಳತೊಡಗಿದರು. ಮೀನಿನ ರೇಟು ಏರಿತು. ಹೊನ್ನಾವರದ ಮೀನುಪೇಟೆಯಲ್ಲಿ ಒಬ್ಬಳು ನನ್ನನ್ನು ನೋಡಿ, "ಅಕ್ಕಾ, ಬಾ, ಬುಟ್ಟಿ ಕೊಡ್ತೆ, ಬಂಗಡೆ ಮಾರು" ಅಂತ ಹಾಸ್ಯ ಮಾಡಿದಳು. "ನಿನ್ನ ಬಂಗಡೆಗೆ ನೆಗಡಿ ಆಗೂತನಕ ಕಾಯ್ತೆ" ಅಂದೆ ನಾನು.

ನಾನು ಸುಮ್ಮನೆ ಕೂರುವವಳಲ್ಲ. ಭಟ್ಕಳದಲ್ಲಿ ನನ್ನ ದೊಡ್ಡ ಗಿರಾಕಿಯಾಗಿದ್ದ ಅಂಗಡಿಯ ಸಾಹೇಬರ ಜೊತೆ ಮಾತಾಡಿ ಒಂದು ಉಪಾಯ ಹೂಡಿದೆ. ಶುಕ್ರವಾರ ನಮಾಜು ಬಿಡುವ ಹೊತ್ತಿಗೆ ಅಂಗಡಿಯೆದುರು ಬಿರಿಯಾನಿ ಬೇಯಿಸಿ ಪುಕ್ಕಟೆ ಹಂಚುವುದು, ಮೊದಲ ತುತ್ತು ನಾವಿಬ್ಬರೂ ಎಲ್ಲರೆದುರು ತಿನ್ನುವುದು. ಕೋಳಿ ನನ್ನದು, ಅಕ್ಕಿ ಮಸಾಲೆ ಅವರದು. ಜನ ಮಾತು ನಂಬುವುದಿಲ್ಲ, ಪಕ್ಕದವನು ತಿಂದು ಬೆರಳು ನೆಕ್ಕಿದರೆ ನಂಬುತ್ತಾರೆ. ವ್ಯಾಪಾರ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಆ ಶುಕ್ರವಾರ ನಮ್ಮ ಒಲೆ ಹೊತ್ತಲಿಲ್ಲ.

ಹಿಂದಿನ ದಿನ ನಮ್ಮ ಗಾಡಿಯ ಆಳು ಹೊನ್ನಾವರದ ಪೇಟೆಯಲ್ಲಿ ಗೂಡು ಇಳಿಸುತ್ತಾ ಇದ್ದವನು ಹಾಗೇ ಕುಸಿದು ಕೂತ. ಮಂಕಿಯವನು, ಗಟ್ಟಿ ಆಸಾಮಿ, ಕೋಳಿ ತುಂಬಿದ ಗೂಡನ್ನು ಒಂದೇ ಕೈಯಲ್ಲಿ ಎತ್ತುವವನು. ಮೈ ಮುಟ್ಟಿದರೆ ಕಾದ ಕಾವಲಿ. ಜೊತೆಗೆ ಕೆಮ್ಮು. ನಾನೇ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಂತ ಕೆಲಸ ಅಂತ ಕೇಳಿದರು. "ಕೋಳಿಗಾಡಿಯಲ್ಲಿ" ಅಂದೆ. ಅಷ್ಟೇ. ಅವನನ್ನು ಕೊನೆಯ ಕೋಣೆಗೆ ಹಾಕಿ ಬಾಗಿಲು ಎಳೆದರು. ನನಗೆ ಮುಖಕ್ಕೆ ಕಟ್ಟಿಕೊಳ್ಳಲು ಮಾಸ್ಕ್ ಕೊಟ್ಟು, ಇಲ್ಲೇ ಕೂತಿರಿ, ಯಾರನ್ನೂ ಮುಟ್ಟಬೇಡಿ ಅಂದರು.

ಸಂಜೆಗೆ ಜೀಪಿನಲ್ಲಿ ರೋಗಪತ್ತೆಯ ತಂಡ ಬಂತು. ಅದರ ಮುಖ್ಯಸ್ಥೆ ಒಬ್ಬ ಡಾಕ್ಟರಮ್ಮ, ಮೈಸೂರು ಕಡೆಯ ಮಾತು. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಕಣ್ಣಿಗೆ ದಪ್ಪ ಕನ್ನಡಕ, ಮೂಗು ಬಾಯಿಗೆ ಮಾಸ್ಕ್. ಗುರುತಿಗೆ ಸಿಕ್ಕಿದ್ದು ಸ್ವರ ಒಂದೇ. ಅವರು ಆಳಿನ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಒರೆಸಿ, ಅದನ್ನು ಗುಲಾಬಿ ಬಣ್ಣದ ನೀರಿದ್ದ ಸಣ್ಣ ಕೊಳವೆಯಲ್ಲಿ ಮುಳುಗಿಸಿ, ಕೊಳವೆಯನ್ನು ಡಬ್ಬದಲ್ಲಿ, ಡಬ್ಬವನ್ನು ಇನ್ನೊಂದು ಡಬ್ಬದಲ್ಲಿ, ಅದನ್ನು ಐಸಿನ ಪೆಟ್ಟಿಗೆಯಲ್ಲಿ ಇಟ್ಟು ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದರು. ಪ್ರತಿ ಸಲ ಒಂದು ಮುಚ್ಚಳ ಹಾಕಿದ ಮೇಲೂ ಕೈಗವಸನ್ನು ಒರೆಸಿಕೊಳ್ಳುತ್ತಿದ್ದರು. ಕಣ್ಣಿಗೆ ಕಾಣದ ಒಂದು ವಸ್ತುವನ್ನು ಇಷ್ಟು ಮರ್ಯಾದೆಯಿಂದ ಹಿಡಿದು ಕೂರಿಸುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೂರೂ ಊರಿನ ಕೋಳಿಪೇಟೆ ಬಂದ್. ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ, ಇದ್ದ ಕೋಳಿ ಇದ್ದಲ್ಲಿಂದ ಅಲುಗಾಡುವ ಹಾಗಿಲ್ಲ. ನನಗೆ ಜ್ವರವಿಲ್ಲ ಅಂತ ನೋಡಿ, ಮಾಸ್ಕ್ ತೆಗೆಯಬೇಡಿ ಅಂತ ಹೇಳಿ ಆಸ್ಪತ್ರೆಯಿಂದ ಬಿಟ್ಟಿದ್ದರು. ಹೊನ್ನಾವರದ ಪೇಟೆಗೆ ಬಂದ ಪಶುವೈದ್ಯರ ಹತ್ತಿರ ನಾನು ಚೌಕಾಸಿಗೆ ಇಳಿದೆ.

"ಸಾರ್, ಮಧ್ಯಾಹ್ನದ ತನಕ ಬಿಡಿ, ಇದ್ದದ್ದು ಖಾಲಿ ಮಾಡ್ತೆ."

"ಮಧ್ಯಾಹ್ನ ಅಂದ್ರೆ?"

"ನೀವು ಊಟಕ್ಕೆ ಹೋಗಿ ಬರೂತನಕ."

"ನಾನು ಇವತ್ತು ಊಟಕ್ಕೇ ಹೋಗೂದಿಲ್ಲ ಮಾರಾಯ್ರೆ" ಅಂದರು ಅವರು, ಗೂಡಿನಿಂದ ಒಂದು ಕೋಳಿ ಎಳೆಯುತ್ತ.

ಅವರು ಕೋಳಿಯನ್ನು ತಿರುಗಿಸಿ ಜುಟ್ಟು ನೋಡಿದರು, ನೀಲಿಯಾಗಿದೆಯಾ ಅಂತ. ಕಾಲಿನ ಪೊರೆ ನೋಡಿದರು, ಒಳಗೆ ರಕ್ತ ಒಸರಿದ ಗುರುತು ಇದೆಯಾ ಅಂತ. ನಾನು ಬಿಸಿ ನೋಡುವ ಕಾಲಿನಲ್ಲಿ ಅವರಿಗೆ ಬೇರೆ ಬರಹ ಕಾಣುತ್ತಿತ್ತು. ರೆಕ್ಕೆ ಬಿಡಿಸಿ ನರದಿಂದ ರಕ್ತ ತೆಗೆದರು, ಗಂಟಲಿಗೂ ಹಿಂಬದಿಗೂ ಕಡ್ಡಿ ಹಾಕಿ ಒರೆಸಿದರು. ಅವೆಲ್ಲ ಭೋಪಾಲದ ಪ್ರಾಣಿರೋಗದ ಪ್ರಯೋಗಾಲಯದ ದಾರಿ ಹಿಡಿದವು.

ಆಸ್ಪತ್ರೆಯ ಕಡೆ ಸುದ್ದಿ ಒಳ್ಳೆಯದಿರಲಿಲ್ಲ. ಹಕ್ಕಿಜ್ವರದ ಮಾತ್ರೆ ಶುರುಮಾಡಿದ್ದರು, ಆದರೂ ಆಳಿನ ಜ್ವರ ಇಳಿಯಲಿಲ್ಲ. ಉಸಿರು ಮೇಲೆ ಮೇಲೆ. ಮೂತ್ರ ಕಟ್ಟಿದ ಹಾಗೆ ಆಗಿತ್ತು. ಮೀನು ಒಣಗಿಸುವ ಕೆಲಸಕ್ಕೆ ಹೋಗುವ ಅವನ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೂ ನನಗೂ ಬೆಳಿಗ್ಗೆ ಸಂಜೆ ಜ್ವರ ನೋಡುತ್ತಿದ್ದರು.

"ಮಂಗಳೂರಿಗಾದರೂ ಕಳಿಸಿ ಡಾಕ್ಟ್ರೇ, ಗಾಡಿ ನಾನು ಮಾಡ್ತೆ" ಅಂದೆ.

"ಪುಣೆಯ ಉತ್ತರ ಬರೋವರೆಗೆ ಇವರನ್ನ ಸಾಗಿಸೋ ಹಾಗಿಲ್ಲಮ್ಮ. ಹಕ್ಕಿಜ್ವರವೇ ಆದ್ರೆ ದಾರಿಯುದ್ದಕ್ಕೂ ಹಂಚಿಕೊಂಡು ಹೋದಂಗೆ. ನನಗೆ ಬೇಕಿರೋದು ಒಂದೇ, ಇವರು ಏನನ್ನ ಮುಟ್ಟಿದ್ರು, ಎಲ್ಲೆಲ್ಲಿ ಕೈ ಹಾಕಿದ್ರು. ಅದು ಗೊತ್ತಾಗದೆ ನಾನು ಕತ್ತಲಲ್ಲಿ ಔಷಧಿ ಕೊಡ್ತಾ ಇದ್ದೀನಿ." ಆಮೇಲೆ ಆಳಿನ ಹೆಂಡತಿಯ ಕಡೆ ತಿರುಗಿ, "ನಿಮ್ಮ ಯಜಮಾನ್ರು ಸತ್ತ ಕೋಳಿ ಮುಟ್ಟಿದ್ರಾ?" ಅಂತ ಕೇಳಿದರು.

"ಇಲ್ರಾ ಅಮಾ. ಸತ್ತದ್ದು ಎಂತಕ್ಕೆ ಮುಟ್ತ್ರು?"

ನನ್ನನ್ನೂ ಕೇಳಿದರು. ನಾನೂ ಇಲ್ಲವೆಂದೆ. ಕುಮಟಾದ ಅಂಗಡಿಗಳಲ್ಲೂ ಅದೇ ಉತ್ತರ ಬಂದಿತ್ತು. ಡಾಕ್ಟರಮ್ಮ ಕನ್ನಡಕದೊಳಗಿಂದ ನನ್ನನ್ನು ನೋಡುತ್ತ ನಿಂತರು. ನಂಬಲಿಲ್ಲ ಅಂತಲ್ಲ. ಹೊಂದಿಕೆ ಆಗುತ್ತಿರಲಿಲ್ಲ ಅವರಿಗೆ. ಇಷ್ಟು ಕೋಳಿ ಇಷ್ಟು ದೂರ ಬಿಸಿಲಲ್ಲಿ ಬರುತ್ತದೆ, ಒಂದೂ ಸಾಯುವುದಿಲ್ಲ ಅಂದರೆ ಹೇಗೆ.

ಭಟ್ಕಳದ ಅಂಗಡಿಗಳಿಗೆ ಹೋಗುವಾಗ ದಾರಿ ತೋರಿಸಲು ನನ್ನನ್ನೂ ಜೀಪಿನ ಹಿಂದೆ ಕೂರಿಸಿಕೊಂಡರು. ಸಾಹೇಬರ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಮಾರಾಟವಾಗದ ಕೋಳಿಗಳು ಕಾಳು ತಿಂದು ತಿಂದು ದಪ್ಪಗಾಗುತ್ತಿದ್ದವು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಲ್ಲಾನ ಮೇಲಾಣೆ ಮೇಡಂ, ನಮ್ಮ ಅಂಗಡೀಲಿ ಒಂದು ಕೋಳೀನೂ ಸತ್ತಿಲ್ಲ."

ಅಷ್ಟು ಹೇಳಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಅಕ್ಕಾ, ಪೇಟೆ ಶುರುವಾದ ಮೇಲೆ ಮೊನ್ನೆ ತಣ್ಣಗಾದವಕ್ಕೆ ಬದಲಿ ಕೊಡೂದು ಮರೀಬೇಡಿ ಹಾಂ" ಅಂದರು.

ನನ್ನ ಕಿವಿಗೆ ಆ ಮಾತು ಮೊದಲ ಸಲ ಬಿದ್ದ ಹಾಗಾಯಿತು. ದಿನಾ ಆಡುವ ಮಾತೇ.

ಓದುವವರಿಗೆ ಇಲ್ಲೊಂದು ಸಂಗತಿ ಹೇಳಬೇಕು. ದೀಪ ಆರಿಸು ಅನ್ನದೆ ದೀಪ ದೊಡ್ಡದು ಮಾಡು ಅನ್ನುತ್ತೇವಲ್ಲ, ಹಾಗೆ ನಮ್ಮ ಕೋಳಿಪೇಟೆಯಲ್ಲಿ ವ್ಯಾಪಾರದ ಹೊತ್ತಿನಲ್ಲಿ ಯಾರೂ ಸತ್ತಿತು ಅನ್ನುವುದಿಲ್ಲ. ಗಾಡಿಯಿಂದ ಇಳಿಸುವಾಗ ಗೂಡಿನಲ್ಲಿ ಅಲ್ಲಾಡದೆ ಬಿದ್ದದ್ದು ತಣ್ಣಗಾದದ್ದು. ಆಡಿ ಆಡಿ ನಮ್ಮ ತಲೆಯಲ್ಲೇ ಎರಡೂ ಬೇರೆಯಾಗಿಬಿಟ್ಟಿವೆ. ಸತ್ತದ್ದು ಅಂದರೆ ರೋಗ ಬಿದ್ದು ಸತ್ತದ್ದು. ತಣ್ಣಗಾದದ್ದು ಅಂದರೆ ಸಾಗಾಟದ ನಷ್ಟ, ಒಡೆದ ತೆಂಗಿನಕಾಯಿಯ ಹಾಗೆ. ಸಾಹೇಬರು ಸುಳ್ಳು ಆಣೆ ಹಾಕಿರಲಿಲ್ಲ. ಆಳಿನ ಹೆಂಡತಿಯೂ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಮೂರೂ ಊರಿನವರು ಸತ್ಯವನ್ನೇ ಹೇಳಿದ್ದೆವು.

ಡಾಕ್ಟರಮ್ಮನಿಗೆ ಆ ಮಾತು ತಲೆಗೆ ಹೋಗಿರಲಿಲ್ಲ. ಮಾಂಸ ತಣ್ಣಗಾಯಿತು ಅಂತಲೋ ಏನೋ ಅಂದುಕೊಂಡು ಜೀಪಿನ ಕಡೆ ನಡೆಯುತ್ತಿದ್ದರು. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಹೇಳಿದರೆ ಎಂತ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯಲ್ಲಿ ಕೋಳಿ ಸತ್ತಿವೆ, ಆಳು ಮುಟ್ಟಿದ್ದಾನೆ, ಆಳಿಗೆ ಜ್ವರ. ಟಿವಿಯಲ್ಲಿ ಕಂಡ ಗುಂಡಿ ನಮ್ಮಲ್ಲೂ ತೋಡುತ್ತಾರೆ. ನನ್ನ ಗೂಡು, ನನ್ನ ಗಾಡಿ, ನನ್ನ ಹೆಸರು, ಎಲ್ಲ ಅದರೊಳಗೆ. ಹೇಳದಿದ್ದರೆ ಕೋಣೆಯೊಳಗಿನವನು ಕತ್ತಲ ಔಷಧಿ ತಿನ್ನುತ್ತ ಮಲಗಿರುತ್ತಾನೆ. ನಾನು ಜೀವನದಲ್ಲಿ ಎಷ್ಟೋ ಚೌಕಾಸಿ ಮಾಡಿದ್ದೇನೆ, ಎರಡು ಕಡೆಗೂ ಸ್ವಲ್ಪ ಸ್ವಲ್ಪ ಬಿಟ್ಟು ಕುದುರಿಸಿದ್ದೇನೆ. ಇಲ್ಲಿ ಬಿಡಲು ನಡುವಿನ ರೇಟು ಇರಲಿಲ್ಲ.

"ಡಾಕ್ಟ್ರೇ, ನೀವು ಕೇಳೂದು ಸರಿ ಇಲ್ಲ" ಅಂದೆ.

ಅವರು ತಿರುಗಿದರು.

"ಸತ್ತವಾ ಅಂತ ಕೇಳ್ಬೇಡಿ. ತಣ್ಣಗಾದವು ಎಷ್ಟು ಅಂತ ಕೇಳಿ. ನಮ್ಮಲ್ಲಿ ಸಾಯೂದಕ್ಕೆ ಹಾಗೇ ಹೇಳೂದು."

ಸಾಹೇಬರು ಗಡ್ಡ ನೀವಿಕೊಂಡು, "ಅಯ್ಯೋ ಅಕ್ಕಾ, ಆಣೆ ಹಾಕಿಸಿ ಆಮೇಲೆ ಅರ್ಥ ಹೇಳ್ತೀರಾ" ಅಂದರು.

ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ. ಆ ಮಾತನ್ನು ಮಾಸ್ಕಿನೊಳಗೆ ಒಂದೆರಡು ಸಲ ಹೇಳಿ ರೂಢಿ ಮಾಡಿಕೊಂಡರು. ಆಮೇಲೆ ಸಾಹೇಬರ ಎದುರು ನಿಂತು, "ಸಾಹೇಬ್ರೇ, ಮೊನ್ನೆ ತಣ್ಣಗಾದವು ಎಷ್ಟು, ಯಾವ ಗೂಡಿಂದ, ಯಾವ ಹೊತ್ತಲ್ಲಿ?" ಅಂತ ಕೇಳಿದರು. ಸಾಹೇಬರು ತಡವಿಲ್ಲದೆ ಹೇಳಿದರು. ಮೇಲಿನ ಸಾಲಿನ ಗೂಡುಗಳು, ಗಾಡಿ ಬಂದು ನಿಂತಾಗಲೇ ಬಿದ್ದಿದ್ದವು. ಆಮೇಲೆ ಬಿದ್ದವಾ? ಇಲ್ಲ, ಇಳಿಸಿ ನೀರು ಕೊಟ್ಟ ಮೇಲೆ ಒಂದೂ ಇಲ್ಲ.

ಅಲ್ಲಿಂದ ಬಂದ ದಾರಿಯಲ್ಲೇ ತಿರುಗಿ ಎಲ್ಲ ಅಂಗಡಿಗಳನ್ನೂ ಕೇಳಿದರು. ಮೊದಲು ಇಲ್ಲ ಅಂದವರೆಲ್ಲ ಈಗ ಲೆಕ್ಕ ಕೊಟ್ಟರು. ಕುಮಟಾಕ್ಕೆ ಪಶುವೈದ್ಯರು ಹೋಗಿ ಕೇಳಿಕೊಂಡು ಬಂದರು. ಆಮೇಲೆ ಹೊನ್ನಾವರದ ಖಾಲಿ ಪೇಟೆಯಲ್ಲಿ ಡಾಕ್ಟರಮ್ಮ ಒಂದು ಗೂಡು ಮಗುಚಿ ಹಾಕಿ ಅದರ ಮೇಲೆ ಕೂತು, ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ನನ್ನ ದಾರಿ ಬರೆದರು. ಘಟ್ಟ, ಕುಮಟಾ, ಹೊನ್ನಾವರ, ಭಟ್ಕಳ. ಒಂದೊಂದು ಊರಿನ ಹತ್ತಿರ ತಣ್ಣಗಾದವಕ್ಕೆ ಒಂದೊಂದು ಗೀಟು. ನಸುಕಿಗೆ ಇಳಿಸುವ ಕುಮಟಾದಲ್ಲಿ ಅಲ್ಲೊಂದು ಇಲ್ಲೊಂದು. ಹೊನ್ನಾವರದಲ್ಲಿ ಸ್ವಲ್ಪ ಹೆಚ್ಚು. ಬಿಸಿಲೇರಿದ ಮೇಲೆ ಮುಟ್ಟುವ ಭಟ್ಕಳದಲ್ಲಿ ಗೀಟುಗಳ ರಾಶಿ.

ನಾನು ವರ್ಷಗಟ್ಟಲೆ ಓಡಿಸಿದ ದಾರಿ ಅದು. ನನ್ನ ಕಾಲಬುಡದಲ್ಲಿ ಅದು ಬಿಳಿ ಗೆರೆಯಾಗಿ ಬಿದ್ದು, ನನಗೇ ಗೊತ್ತಿಲ್ಲದ ಮಾತು ಹೇಳುತ್ತಿತ್ತು.

"ರೋಗ ಆದ್ರೆ ಇಳಿಸಿದ ಮೇಲೂ ಬೀಳ್ತಾ ಹೋಗ್ಬೇಕಿತ್ತು" ಅಂದರು ಪಶುವೈದ್ಯರು. "ಇದು ಸೆಕೆ. ಮೇಲಿನ ಸಾಲಿಗೆ ಬಿಸಿಲು ನೇರ ಹೊಡೀತದೆ."

"ಹಾಗಾದ್ರೆ ಪೇಟೆ ತೆಗೀಬಹುದಲ್ದಾ?" ನನ್ನ ಬಾಯಿಂದ ತಾನಾಗಿ ಬಂತು.

"ಭೋಪಾಲ ಹೇಳ್ಬೇಕು, ನಾನಲ್ಲ" ಅಂದರು ಅವರು.

ಡಾಕ್ಟರಮ್ಮ ಇನ್ನೂ ಗೀಟುಗಳನ್ನು ನೋಡುತ್ತಿದ್ದರು. "ತಣ್ಣಗಾದವನ್ನ ಏನ್ ಮಾಡ್ತೀರಿ?"

ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೇ ಹೇಳಿದೆ. ಭಟ್ಕಳದಿಂದ ತಿರುಗಿ ಬರುವಾಗ ಖಾಲಿ ಗೂಡುಗಳ ಜೊತೆ ಅವೂ ಹೊನ್ನಾವರಕ್ಕೆ ಬರುತ್ತವೆ. ಪೇಟೆಯ ಹಿಂದಿನ ಗಟಾರಕ್ಕೆ ಹಾಕುತ್ತೇವೆ. ಗೂಡು ತೊಳೆಯುವುದೂ ಅಲ್ಲೇ.

"ಯಾರು ಹಾಕೋದು?"

"ಅವನೇ."

ಅವರು ಎದ್ದು ಹಿಂಬದಿಗೆ ನಡೆದರು. ಗಟಾರದಲ್ಲಿ ನೀರು ಹರಿಯುವುದು ಮಳೆಗಾಲದಲ್ಲಿ ಮಾತ್ರ. ಆಗ ಕಪ್ಪಗೆ ನಿಂತಿತ್ತು, ಮೇಲೆ ಪುಕ್ಕ ತೇಲುತ್ತಿತ್ತು. ಅಂಚಿನ ಮಣ್ಣಿನಲ್ಲಿ ಬಿಲಗಳು. ನಾವು ನಿಂತಿರುವಾಗಲೇ ಒಂದು ಹೆಗ್ಗಣ ನಮ್ಮನ್ನು ಲೆಕ್ಕಕ್ಕೇ ಇಡದೆ ಅಡ್ಡ ಹಾದುಹೋಯಿತು. ನಾನು ಅದನ್ನು ದಿನಾ ನೋಡುತ್ತಿದ್ದೆ, ಅದೇ ಅಲ್ಲದಿದ್ದರೆ ಅದರ ನೆಂಟರನ್ನು.

"ಇದರೊಳಗೆ ಇಳಿದು ನಿಂತ್ಕೊಂಡು ತೊಳೀತಾರಾ?"

"ಹೌದು, ಮೊಣಕಾಲುಮಟ್ಟ."

"ಕಾಲಿಗೆ?"

"ಬರಿಗಾಲು. ಚಪ್ಪಲಿ ಹಾಕಿದ್ರೆ ಜಾರ್ತದೆ ಅಂತ ಗಾಡಿಯಲ್ಲೇ ಬಿಡ್ತ."

ಡಾಕ್ಟರಮ್ಮ ಜೀಪು ಹತ್ತಿದರು. ಆಸ್ಪತ್ರೆಯಲ್ಲಿ ಹೊಸ ಅಂಗಿ, ಹೊಸ ಕೈಗವಸು ಹಾಕಿಕೊಂಡು ಒಳಗೆ ಹೋದರು. ನಾನೂ ಆಳಿನ ಹೆಂಡತಿಯೂ ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತೆವು. ಹೊದಿಕೆ ಸರಿಸಿ ಅವರು ಅವನ ಪಾದ ಎತ್ತಿ ಹಿಡಿದರು. ಹಿಮ್ಮಡಿಯ ತುಂಬ ಒಡಕು. ಆಮೇಲೆ ಎರಡು ಬೆರಳಲ್ಲಿ ಮೀನಖಂಡವನ್ನು ಮೆಲ್ಲಗೆ ಅದುಮಿದರು. ಅವನು ಕೂಗಿದ್ದು ಮುಚ್ಚಿದ ಗಾಜಿನಾಚೆಗೂ ಕೇಳಿತು.

ಹೊರಗೆ ಬಂದು ಕೇಳಿದರು, "ಕಾಲುನೋವು ಇತ್ತು ಅಂತ ಯಾಕೆ ಯಾರೂ ಹೇಳಲಿಲ್ಲ?"

"ಗೂಡು ಹೊರೂ ಜನಕ್ಕೆ ಕಾಲುನೋವು ಒಂದು ರೋಗವಾ ಅಮಾ?" ಅಂದಳು ಹೆಂಡತಿ.

ಇಲಿಜ್ವರ ಇರಬಹುದು ಅಂದರು ಡಾಕ್ಟರಮ್ಮ. ಹೆಗ್ಗಣದ ಉಚ್ಚೆ ನಿಂತ ನೀರಿಗೆ ಸೇರಿ, ಕಾಲಿನ ಒಡಕಿನಿಂದ ಮೈಗೆ ಹತ್ತುವುದು. ಕಣ್ಣು ಕೆಂಪಾದದ್ದನ್ನು ಅವರು ಮೊದಲ ದಿನವೇ ಗಮನಿಸಿದ್ದರಂತೆ, ಆದರೆ ಜ್ವರದಲ್ಲಿ ಕಣ್ಣು ಯಾರಿಗಾದರೂ ಕೆಂಪಾಗುತ್ತದೆ. ಮಳೆಗಾಲದ ರೋಗವಾದ್ದರಿಂದ ಈ ಸುಡುಬಿಸಿಲಿನಲ್ಲಿ ಅದನ್ನು ಯಾರೂ ನೆನೆದಿರಲಿಲ್ಲ. ನಮ್ಮ ಗಟಾರ ಮಾತ್ರ ವರ್ಷವಿಡೀ ಮಳೆಗಾಲ ಇಟ್ಟುಕೊಂಡಿತ್ತು. ಅದರ ಪರೀಕ್ಷೆಗೆ ಬೇರೆ ರಕ್ತ ಕಳಿಸಿ, ಉತ್ತರಕ್ಕೆ ಕಾಯದೆ ಆ ಗಳಿಗೆಯಲ್ಲೇ ಪೆನ್ಸಿಲಿನ್ ಇಂಜೆಕ್ಷನ್ ಶುರುಮಾಡಿದರು. ಹಕ್ಕಿಜ್ವರದ ಮಾತ್ರೆ ನಿಲ್ಲಿಸಲಿಲ್ಲ. ಕೋಣೆಯ ಬಾಗಿಲೂ ತೆರೆಯಲಿಲ್ಲ.

"ಇಲಿಜ್ವರ ಅಂತ ಗೊತ್ತಾತಲ್ಲ, ಮತ್ತೆ ಈ ಅಂಗಿ ಮಾಸ್ಕು ಎಂತಕ್ಕೆ?" ಅಂದೆ.

"ಗೊತ್ತಾಗಿಲ್ಲಮ್ಮ. ನನಗೆ ಅನ್ನಿಸಿದೆ ಅಷ್ಟೆ. ನನ್ನ ಅನ್ನಿಸಿಕೆ ಮೇಲೆ ಊರಿನ ಬಾಗಿಲು ತೆಗೆಯಕ್ಕಾಗಲ್ಲ."

ಅವರಿಗಿದ್ದ ವಿದ್ಯೆಗಿಂತ ಈ ಮಾತು ನನ್ನನ್ನು ಹೆಚ್ಚು ಬೆರಗುಗೊಳಿಸಿತು. ವ್ಯಾಪಾರದಲ್ಲಿ ನಮಗೆ ಅರ್ಧ ಗೊತ್ತಿದ್ದರೆ ಪೂರ್ತಿ ಗೊತ್ತಿದೆ ಅಂತ ಮಾತಾಡಬೇಕು. ಇವರು ಮುಕ್ಕಾಲು ಗೊತ್ತಿದ್ದೂ ಗೊತ್ತಿಲ್ಲ ಅನ್ನುತ್ತ, ಅದೇ ಹೊತ್ತಿಗೆ ಸೂಜಿ ಚುಚ್ಚಲು ಹಿಂದೆಮುಂದೆ ನೋಡುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಪೇಟೆಯವರನ್ನು ಸೇರಿಸಿ ಗಟಾರ ಬಳಿಸಿ ಸುಣ್ಣ ಹಾಕಿಸಿದೆ. ಗಾಡಿಯ ಮೇಲಿನ ಸಾಲಿಗೆ ತೆಂಗಿನ ಗರಿಯ ಮಾಡು ಕಟ್ಟಿಸಿದೆ. ಕೋಳಿ ಸಾಗಿಸುವವರಿಗೆ ನನ್ನ ಸಲಹೆ, ಗರಿಗೆ ನೀರು ಚಿಮುಕಿಸಿ, ಮತ್ತೆ ಆಳಿಗೆ ರಬ್ಬರಿನ ಬೂಟು ಕೊಡಿಸದೆ ಗೂಡು ತೊಳೆಸಬೇಡಿ. ಜಾರುತ್ತದೆ ಅಂತ ಹೇಳಿದರೆ ಅಡಿಯಲ್ಲಿ ಗೀರುಗಳಿರುವುದನ್ನು ಹುಡುಕಿ ಕೊಡಿಸಿ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಕೋಣೆಯಿಂದ ಕೈಯಲ್ಲೊಂದು ಬಾಟಲಿ ಎತ್ತಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು. ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಹಳದಿ ನೀರು.

"ಎಂತದು ಅಕ್ಕಾ ಅದು?" ಅಂದಳು ಹೆಂಡತಿ.

"ನಿನ್ನ ಗಂಡನ ಮೂತ್ರ ಮಾರಾಯ್ತಿ" ಅಂದೆ.

ಒಬ್ಬರ ಮೂತ್ರ ಕಂಡು ಇನ್ನೊಬ್ಬರು ಇಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಹೆಂಡತಿ ಮೊದಲು ನಾಚಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಗೋಡೆಗೆ ಒರಗಿ ಅಳಲು ಶುರುಮಾಡಿದಳು.

ಪುಣೆಯ ಉತ್ತರ ಆಮೇಲೆ ಬಂತು. ಹಕ್ಕಿಜ್ವರ ಅಲ್ಲ. ಭೋಪಾಲದ್ದೂ ಅದೇ. ಇಲಿಜ್ವರದ ರಕ್ತಪರೀಕ್ಷೆ ಹೌದು ಅಂತ ಬಂತು. ಪಶುವೈದ್ಯರು ಪೇಟೆ ತೆರೆಯಿರಿ ಅಂತ ಹೇಳಿಕಳಿಸಿದರು. ನಾನು ಪೇಟೆಗೆ ಓಡಲಿಲ್ಲ, ಆಸ್ಪತ್ರೆಗೆ ಹೋದೆ. ಕೊನೆಯ ಕೋಣೆಯ ಬಾಗಿಲು ಅವತ್ತು ಹಾರುಹೊಡೆದಿತ್ತು, ಒಳಗೆ ಗಾಳಿ ಬೀಸುತ್ತಿತ್ತು. ಆಳು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ. ಹೆಂಡತಿ ಮಗ್ಗುಲಲ್ಲಿ ಕೂತಿದ್ದಳು.

ಸಣ್ಣ ಪ್ರಾಯದ ಒಬ್ಬಳು ಹೆಂಗಸು ಹತ್ತಿಸೀರೆ ಉಟ್ಟುಕೊಂಡು ಒಳಗೆ ಬಂದಳು. ಮೂಗಿನ ಮೇಲೂ ಕೆನ್ನೆಯ ಮೇಲೂ ಏನೋ ಬಿಗಿದು ಕಟ್ಟಿದ ಕೆಂಪು ಗೆರೆ. ನಾನು ಯಾರೋ ರೋಗಿಯ ಕಡೆಯವಳು ಅಂದುಕೊಂಡು ಕಾಲು ಸರಿಸಿ ದಾರಿ ಬಿಟ್ಟೆ. ಆಳು, "ಯಾರ್ ಬೇಕಾಗಿತ್ತು ತಂಗೀ?" ಅಂದ.

"ಕಾಲು ತೋರಿಸಿ" ಅಂದಳು ಅವಳು.

ಆ ಸ್ವರ ಕೇಳಿದ್ದೇ ಅವನ ಕೈಯಲ್ಲಿದ್ದ ಗಂಜಿಯ ಬಟ್ಟಲು ಅಲ್ಲೇ ನಿಂತಿತು. ಅವನು ಆ ಮುಖವನ್ನು ನೋಡಿದ, ನನ್ನ ಕಡೆ ನೋಡಿದ, ಮತ್ತೆ ಆ ಮುಖ ನೋಡಿದ. ಬಟ್ಟಲನ್ನು ಹೆಂಡತಿಯ ಕೈಗೆ ಕೊಟ್ಟು, ಹೊದಿಕೆ ಸರಿಸಿ, ಎರಡೂ ಕಾಲು ಚಾಚಿದ.